ಕೆಳಗಿನ ಕೊಂಬೆಯ ಕಡ್ಡಿ

ನಲವತ್ತೊಂದನೇ ನಂಬರಿನ ಮರದ ಮುಳ್ಳು ತಂಗಿಯ ಮೊಣಕಾಲಿನ ಕೀಲಿಗೆ ಹೊಕ್ಕು ಮುರಿಯಿತು. ಅವರು ಕೆಲಸ ಮಾಡುತ್ತಿದ್ದ ಫಾರಂನವರು ಅದನ್ನು ಮನೆಯ ಮೆಟ್ಟಿಲ ಮೇಲಿಂದ ಬಿದ್ದು ಆದ ಗಾಯ ಎಂದು ಬರೆದುಕೊಂಡರು. ಆ ಕಾಗದಕ್ಕೆ ಸಾಕ್ಷಿ ಎಂದು ಸಹಿ ಹಾಕಿದವಳು ಅಕ್ಕ. ಅವರ ಮನೆಗೆ ಮೆಟ್ಟಿಲೇ ಇರಲಿಲ್ಲ.

ಮರಕ್ಕೆ ಕಾಗದಪತ್ರಗಳಲ್ಲಿರುವ ಹೆಸರು ಹನಿಲೋಕಸ್ಟ್. ಕೆಲಸದವರ ಬಾಯಲ್ಲಿ ಅದು ಜೇನುಕಾಯಿ ಮರ. ಮೊಳದುದ್ದದ ಕಂದು ಕಾಯಿ, ಹಳೇ ಬೆಲ್ಟಿನ ಹಾಗೆ ಚಪ್ಪಟೆ, ಒಣಗುತ್ತಾ ತಿರುಚಿಕೊಳ್ಳುತ್ತದೆ. ಒಳಗೆ ಬೀಜದ ಪಕ್ಕದಲ್ಲಿ ಸಿಹಿ ತಿರುಳು. ಎಲೆ ಉದುರುವ ಹೊತ್ತಿಗೆ ಕಾಯಿ ಬೀಳಲು ಶುರುವಾದರೆ, ಹುಲ್ಲು ಸತ್ತ ಚಳಿಯ ತಿಂಗಳುಗಳಲ್ಲೂ ದಿನಾ ಒಂದಿಷ್ಟು ಬೀಳುತ್ತಲೇ ಇರುತ್ತದೆ. ಬೇರೆ ಮೇವು ಕೈಕೊಡುವ ಹೊತ್ತಿಗೆ ಇದು ಕೈಗೆ ಬರುತ್ತದೆ. ಕುರಿ ಮೇಕೆಗಳು ಹಾಗೇ ಅಗಿದು ತಿನ್ನುತ್ತವೆ. ಹಸುವಿಗಾದರೆ ಗಿರಣಿಗೆ ಹಾಕಿ ಬೀಜದ ಸಮೇತ ಪುಡಿ ಮಾಡಬೇಕು. ಇಲ್ಲದಿದ್ದರೆ ಗಟ್ಟಿ ಬೀಜ ಹೋದ ಹಾಗೇ ಸಗಣಿಯಲ್ಲಿ ಹೊರಗೆ ಬರುತ್ತದೆ, ಅದರೊಳಗಿನ ಸತ್ವವೂ ಅದರ ಜೊತೆಗೇ.

ಫಾರಂನಲ್ಲಿ ಇಂಥ ನೂರಿಪ್ಪತ್ತು ಹಳೇ ಮರಗಳಿದ್ದವು. ಕಾಯಿ ಎಷ್ಟು ಒಳ್ಳೆಯದೋ ಮುಳ್ಳು ಅಷ್ಟು ಕೆಟ್ಟದ್ದು. ಕಾಂಡದಿಂದಲೇ ಗೊಂಚಲು ಗೊಂಚಲಾಗಿ ಹೊರಡುತ್ತದೆ. ಬೆರಳಿಗಿಂತ ಉದ್ದ, ಒಂದೊಂದಕ್ಕೂ ಮೂರು ಮೊನೆ. ಉದುರಿದ ಮುಳ್ಳು ಉದುರಿದ ಎಲೆಯ ಕೆಳಗೆ ಅಡಗಿರುತ್ತದೆ. ಹೆಂಗಸರು ಆ ಎಲೆಯಲ್ಲೇ ಕೈಯಾಡಿಸಿ ಕಾಯಿ ಆರಿಸುತ್ತಿದ್ದರು. ದಪ್ಪ ಅಟ್ಟೆಯ ಬೂಟು ಕೊಡುತ್ತಿದ್ದದ್ದು ಆಫೀಸಿನವರಿಗೆ. ಆಫೀಸಿನವರು ಮರದ ಕೆಳಗೆ ಬರುತ್ತಿರಲಿಲ್ಲ.

ತಂಗಿ ಒಂದು ಕಾಯಿಗಾಗಿ ಮಂಡಿಯೂರಿದಳು, ಅಷ್ಟೇ. ಮೊನೆ ಒಳಗೇ ಉಳಿದು ಕೀಲಿನಲ್ಲಿ ಕೀವಾಯಿತು. ಕತ್ತರಿಸಿ ತೆಗೆದ ಮೇಲೆ ಕಾಲು ಮಡಚುವುದು ನಿಂತುಹೋಯಿತು.

ಮೇಲ್ವಿಚಾರಕನಿಗೆ ಕೆಲಸದವರು ಇಟ್ಟ ಹೆಸರು ಗಡಿಯಾರ. ಯಾರು ಏನು ಹೇಳಲು ಬಂದರೂ ಮೊದಲು ಮಣಿಕಟ್ಟು ನೋಡಿಕೊಳ್ಳುತ್ತಿದ್ದ. ಆಸ್ಪತ್ರೆಯ ವರಾಂಡದಲ್ಲಿ ಅಕ್ಕನನ್ನು ಕೂರಿಸಿಕೊಂಡಾಗಲೂ ನೋಡಿಕೊಂಡ.

"ನೋಡಮ್ಮ, ಕೆಲಸದಲ್ಲಿ ಆದದ್ದು ಅಂತ ಬರೆದ್ರೆ ತನಿಖೆ ಬರತ್ತೆ. ತನಿಖೆ ಬಂದ್ರೆ ನಿನ್ನ ತಂಗಿ ಕೆಲಸಕ್ಕೆ ಲಾಯಕ್ಕಿಲ್ಲ ಅಂತಾನೂ ಬರೀತಾರೆ. ಮನೇಲಿ ಬಿದ್ಲು ಅಂತಾದ್ರೆ ಸಸಿಮನೇಲಿ ಕೂತು ಮಾಡೋ ಕೆಲಸ ನಾನೇ ಕೊಡಿಸ್ತೀನಿ. ಯಾವುದಾಗಬಹುದು?"

ಅಕ್ಕ ಸಹಿ ಹಾಕಿದಳು. ತಂಗಿಗೆ ವಿಷಯ ಗೊತ್ತಾಗಿದ್ದು ಮೂರು ದಿನ ಬಿಟ್ಟು. "ಬರ್ಕೊಳ್ಳೋಕೆ ಮುಂಚೆ ಒಂದು ಮೆಟ್ಟಿಲಾದ್ರೂ ಕಟ್ಸಿಕೊಡಬಾರದಿತ್ತಾ?" ಎಂದು ಗೋಡೆಯ ಕಡೆ ಹೊರಳಿದಳು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ತಂಗಿ ಐದು ವರ್ಷದಿಂದ ಸಸಿಮನೆಯ ಮೇಜಿನ ಮುಂದೆ, ಕಾಲನ್ನು ಬೋರಲು ಹಾಕಿದ ಕ್ರೇಟಿನ ಮೇಲೆ ನೆಟ್ಟಗೆ ಚಾಚಿಕೊಂಡು, ಅಕ್ಕ ಕಟ್ಟಿದ ಕಸಿಗಳಿಗೆ ಮೇಣ ಹಚ್ಚುತ್ತಿದ್ದಳು.

ಅಕ್ಕನ ಕೈ ಕಸಿಯ ಕೈ. ತಂಗಿಯ ಕಾಲಿಗೆ ಪೆಟ್ಟಾದ ವರ್ಷವೇ ಅವಳು ತಲೆಯೆತ್ತಿ ಮರ ನೋಡಲು ಶುರುಮಾಡಿದಳು. ನಲವತ್ತೊಂದನೇ ಮರದ ತುದಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಮುಳ್ಳಿನ ನಡುವೆ ಅದು ಹೇಗೆ ರೆಕ್ಕೆ ಮಡಚುತ್ತದೆ ಎಂದು ಏಣಿ ಹಾಕಿ ಹತ್ತಿದಳು. ಎರಡಾಳೆತ್ತರ ದಾಟಿದ ಮೇಲೆ ಮುಳ್ಳು ವಿರಳವಾಯಿತು. ತುದಿಯ ಕೊಂಬೆಗಳು ಪೂರ್ತಿ ಬೋಳು. ಅಲ್ಲಿಂದ ನಾಲ್ಕು ಕಡ್ಡಿ ತಂದು ಕಸಿ ಕಟ್ಟಿದಳು. ಆ ನಾಲ್ಕು ಗಿಡಕ್ಕೂ ಮುಳ್ಳು ಬರಲಿಲ್ಲ. ಪರೀಕ್ಷೆಗೆಂದು ಕೆಳಗಿನ ಕೊಂಬೆಯ ಕಡ್ಡಿಯನ್ನೂ ಕಟ್ಟಿದಳು. ಅದಕ್ಕೆ ಗೇಣಿಗೊಂದು ಬಂತು.

"ವಯಸ್ಸಾದ ಮೇಲೆ ಮರಕ್ಕೂ ಬುದ್ಧಿ ಬರತ್ತೆ ಅನ್ನು," ಎಂದಿದ್ದ ಫಾರಂನಲ್ಲಿ ಕಾಯಿ ಪುಡಿ ಮಾಡುವ ಗಿರಣಿಯಣ್ಣ, "ಆದ್ರೆ ತಲೆಗೆ ಮಾತ್ರ."

"ನಿನಗೆ ಅಲ್ಲಿಗೂ ಬರ್ಲಿಲ್ಲವಲ್ಲ," ಎಂದಿದ್ದಳು ತಂಗಿ.

ಅಂದಿನಿಂದ ಅಕ್ಕನದು ಒಂದೇ ಪಟ್ಟು. ಕಾಯಿ ಬಿಡುವ ಹೆಣ್ಣುಮರ, ಅದರ ತುದಿ, ಚಿಗುರೊಡೆಯುವ ಮುಂಚಿನ ಚಳಿಗಾಲ. ಏಣಿ ಹತ್ತಿಳಿದು ದಿನಕ್ಕೆ ಅರವತ್ತು ಕಡ್ಡಿ ಸಿಕ್ಕರೆ ಹೆಚ್ಚು. ನಾಲ್ಕು ವರ್ಷ ಕಳೆದು ಆ ಗಿಡಗಳು ಕಾಯಿ ಬಿಟ್ಟಾಗ ಫಾರಂ ದೊಡ್ಡ ಪೋಸ್ಟರ್ ಮಾಡಿಸಿತು. 'ಮುಳ್ಳಿಲ್ಲದ ಜೇನುಕಾಯಿ: ನಿಮ್ಮ ಜಾನುವಾರಿಗೆ ಸಿಹಿ ಸುದ್ದಿ.' ಪಕ್ಕದಲ್ಲಿ ಸಸಿ ಹಿಡಿದುಕೊಂಡು ಗಡಿಯಾರ. ಸಸಿಯನ್ನು ತಲೆಕೆಳಗಾಗಿ ಹಿಡಿಯದೇ ಇದ್ದದ್ದೇ ಪುಣ್ಯ ಎಂದಳು ತಂಗಿ.

ಪೋಸ್ಟರ್ ನೋಡಿ ಮೇಕೆ ಸಾಕುವವರ ಸಂಘ ಆರುನೂರು ಸಸಿ ಕೇಳಿತು. ಆ ಚಳಿಗಾಲದಲ್ಲಿ ತಂಗಿಯ ಮಂಡಿಗೆ ಎರಡನೇ ಸಲ ಕತ್ತರಿ ಬಿತ್ತು, ಅಕ್ಕ ಹತ್ತು ದಿನ ಅವಳ ಜೊತೆ ಆಸ್ಪತ್ರೆಯಲ್ಲಿದ್ದಳು. ಅಲ್ಲಿಗೆ ಹೋಗುವ ಹೊತ್ತಿಗೆ ಅವಳು ಕಟ್ಟಿದ್ದು ಇನ್ನೂರು. ಉಳಿದ ನಾನೂರಕ್ಕೆ ಗಡಿಯಾರ ಹೊರಗಿನ ಆಳುಗಳನ್ನು ಕರೆಸಿದ. ಅವರು ನೆಲದ ಮೇಲೆ ನಿಂತು ಕೈಗೆಟುಕಿದ ಕೊಂಬೆಗಳಿಂದ ಎರಡು ದಿನದಲ್ಲಿ ಕಡ್ಡಿ ಕಡಿದು ಕಟ್ಟಿ ಹೋದರು.

"ಕೆಳಗಿನ ಕಡ್ಡಿ ಅದು ಸಾರ್. ಮುಳ್ಳು ಬರತ್ತೆ," ಎಂದಳು ಅಕ್ಕ, ಆಸ್ಪತ್ರೆಯಿಂದ ಬಂದ ದಿನವೇ.

"ಮರ ಒಂದೇ ಅಲ್ವೇನಮ್ಮ? ಮೇಲೇನು, ಕೆಳಗೇನು? ಬಂದಾಗ ನೋಡೋಣ." ಅವನು ಟೈಮ್ ನೋಡಿದ.

ಬಂತು. ಬೇಸಿಗೆ ಮುಗಿಯುವಷ್ಟರಲ್ಲಿ ನಾನೂರು ಸಸಿಗಳ ಗಿಣ್ಣು ಗಿಣ್ಣಿನಲ್ಲೂ ಮುಳ್ಳು ಕೆಂಪಗೆ, ಮೆತ್ತಗೆ ತಲೆಯೆತ್ತಿ, ಎಲೆ ಉದುರುವ ಹೊತ್ತಿಗೆ ಮರದಷ್ಟೇ ಗಟ್ಟಿಯಾಯಿತು.

ಲಾರಿ ಬರಬೇಕಾದ ದಿನ ಬೆಳಿಗ್ಗೆ ಗಡಿಯಾರ ಸಸಿಮನೆಗೆ ಬಂದು ತಂಗಿಯ ಮೇಜಿನ ಮೇಲೆ ಒಂದು ಕತ್ತರಿ, ಒಂದು ಡಬ್ಬಿ ಮೇಣ ಇಟ್ಟ.

"ಮುಳ್ಳು ಕತ್ತರಿಸ್ಬಿಡಿ. ಮೇಲೆ ಸ್ವಲ್ಪ ಮೇಣ. ಲಾರಿ ಎರಡು ಗಂಟೆಗೆ."

"ಹೊಸ ಕೊಂಬೆ ಬಂದ ಹಾಗೆಲ್ಲ ಹೊಸ ಮುಳ್ಳು ಬರತ್ತೆ ಸಾರ್. ಐದು ವರ್ಷಕ್ಕೆ ಅವರ ಕೊಟ್ಟಿಗೆ ಸುತ್ತ ಬೇಲಿ ಹಾಕಿದ ಹಾಗಿರತ್ತೆ."

"ಐದು ವರ್ಷಕ್ಕೆ ನೀನೆಲ್ಲೋ, ನಾನೆಲ್ಲೋ." ಅವನು ತಂಗಿಯ ಕಾಲಿನ ಕಡೆ ನೋಡಿ, ದನಿ ತಗ್ಗಿಸಿ, ಆದರೆ ಅವಳಿಗೆ ಕೇಳುವ ಹಾಗೇ ಹೇಳಿದ: "ಕೂತು ಮಾಡೋ ಕೆಲಸ ಈ ಫಾರಂನಲ್ಲಿ ಇದೊಂದೇ ಇರೋದು. ಕೇಳೋರು ಬೇಕಾದಷ್ಟು ಜನ ಇದಾರೆ. ಯೋಚನೆ ಮಾಡು."

ಅಕ್ಕ ಯೋಚನೆ ಮಾಡಲು ಹೋಗಲಿಲ್ಲ. ಕತ್ತರಿ ಎತ್ತಿಕೊಂಡಳು. ಒಂದು ಸಸಿಗೆ ಎಂಟೋ ಒಂಬತ್ತೋ. ಕಟ್, ಕಟ್ ಎಂದು ಬಿದ್ದ ಮುಳ್ಳುಗಳನ್ನು ತಂಗಿ ಒಂದು ಖಾಲಿ ಡಬ್ಬಿಗೆ ಹಾಕಿ, ಗಾಯದ ಮೇಲೆ ಬೆರಳಿನಿಂದ ಮೇಣ ಒತ್ತುತ್ತಿದ್ದಳು. ಹನ್ನೊಂದು ಸಸಿ ಮುಗಿಯಿತು. ಉಳಿದವು ಪರದೆಯ ಆಚೆ ಸಾಲಾಗಿ ಕಾಯುತ್ತಿದ್ದವು.

"ಅಕ್ಕ, ಮೇಕೆ ಕೆಚ್ಚಲು ನೆಲದಿಂದ ಎಷ್ಟೆತ್ತರ ಇರತ್ತೆ?"

"ಸುಮ್ನೆ ಕೆಲಸ ನೋಡೇ."

"ನನ್ನ ಮಂಡಿಗಿಂತ ಕೆಳಗೆ."

ಕಟ್, ಕಟ್.

"ನಿನಗೋಸ್ಕರ ಕಣೇ ಮಾಡ್ತಿರೋದು."

"ಗೊತ್ತು. ಆವತ್ತು ಸಹಿ ಹಾಕಿದ್ದೂ ನನಗೋಸ್ಕರಾನೇ." ತಂಗಿ ಬೆರಳಿನ ಮೇಣವನ್ನು ಮೇಜಿನ ಅಂಚಿಗೆ ಒರೆಸಿದಳು. "ಒಂದ್ಸಲಾನೂ ನನ್ನ ಕೇಳ್ಲಿಲ್ಲ ನೀನು."

ಅಕ್ಕನ ಕತ್ತರಿ ಹನ್ನೆರಡನೇ ಸಸಿಯ ಮೇಲೆ ಬಾಯಿ ತೆರೆದುಕೊಂಡೇ ನಿಂತಿತು. ಕೇಳಿರಲಿಲ್ಲ, ನಿಜ.

ಲಾರಿ ಹೇಳಿದ್ದಕ್ಕಿಂತ ಮೊದಲೇ ಬಂತು. ಮುಂದಿನ ಸೀಟಿನಿಂದ ಸಂಘದ ಮೇಕೆಯಜ್ಜಿ ಇಳಿದಳು. ಆರುನೂರರಲ್ಲಿ ಅವಳ ಪಾಲು ಹನ್ನೆರಡು. ಗಡಿಯಾರ ಹಿಂದೆಯೇ ಓಡಿಬಂದ.

"ನೀವ್ಯಾಕೆ ಬರೋಕೆ ಹೋದ್ರಿ ಅಜ್ಜಿ, ನಾವೇ ಕಳಿಸ್ತಿದ್ವಲ್ಲ."

"ಮೇಕೆ ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ಎಣಿಸೋಳು ನಾನು. ಇನ್ನು ಐವತ್ತು ವರ್ಷ ನಿಲ್ಲೋ ಮರ ನೋಡದೇ ತಗೊಳ್ತೀನಾ?" ಅಜ್ಜಿ ಮೇಜಿನ ಮೇಲಿನ ಸಸಿಯೊಂದನ್ನು ಎತ್ತಿ ಬುಡದಿಂದ ತುದಿಯವರೆಗೆ ಹೆಬ್ಬೆರಳು ಎಳೆದಳು. "ಇದೇನಿದು, ಮೇಣ?"

"ಕಸಿ ಮಾಡಿದ ಗುರುತು ಅಜ್ಜಿ."

"ಕಸಿ ಒಂದು ಕಡೆ ಕಟ್ತಾರಲ್ವಾ? ಇದರಲ್ಲಿ ಒಂಬತ್ತು ಕಡೆ ಇದೆ."

ಗಡಿಯಾರ ನಕ್ಕ. "ಹೇಳಮ್ಮ ಅಜ್ಜಿಗೆ. ಕಸಿ ಮಾಡೋಳು ಇವಳೇ. ಮುಳ್ಳಿಲ್ಲ ಅಂತ ನಿನ್ನ ಬಾಯಲ್ಲೇ ಹೇಳು."

ಅಕ್ಕ ಕತ್ತರಿಗೆ ಅಂಟಿದ ಸಿಪ್ಪೆಯನ್ನು ಬೆರಳಿನಿಂದ ಕೆರೆದಳು. ಅಜ್ಜಿ ಅವಳ ಮುಖ ನೋಡಿದಳು, ಮೇಜು ನೋಡಿದಳು, ಕ್ರೇಟಿನ ಮೇಲೆ ಚಾಚಿದ್ದ ಕಾಲು ನೋಡಿದಳು.

"ಕಾಲಿಗೇನಾಯ್ತು ಮಗಳೇ?"

"ಮೆಟ್ಟಿಲ ಮೇಲಿಂದ ಬಿದ್ದೆ ಅಂತ ಬರ್ಕೊಂಡಿದಾರೆ," ಎಂದಳು ತಂಗಿ.

"ಬರ್ಕೊಂಡಿದ್ದು ಇರಲಿ. ಏನಾಯ್ತು?"

ತಂಗಿ ಅಕ್ಕನ ಕಡೆ ತಿರುಗಿದಳು. ಈ ಸಲ ತಾನು ಹೇಳುವುದಿಲ್ಲ, ಹೇಳಬೇಕಾದವಳು ಹೇಳಲಿ ಎಂಬ ಹಾಗೆ ನೋಡಿದಳು.

"ಮುಳ್ಳು," ಎಂದಳು ಅಕ್ಕ. "ಇದೇ ಮರದ್ದು. ಇಲ್ಲೇ, ಕಾಯಿ ಆರಿಸೋವಾಗ. ನಮ್ಮನೇಲಿ ಮೆಟ್ಟಿಲಿಲ್ಲ ಅಜ್ಜಿ. ಸುಳ್ಳು ಸಹಿ ಹಾಕಿದ್ದು ನಾನು." ಕತ್ತರಿಯ ಬಾಯಿ ಮುಚ್ಚಿ ಕೊಂಡಿ ಸಿಗಿಸಿದಳು. "ಗೋಡೆ ಪಕ್ಕದ ಇನ್ನೂರು ತುದಿ ಕಡ್ಡಿಯವು, ನಾನು ಕಟ್ಟಿದ್ದು. ಮುಳ್ಳು ಬರಲ್ಲ, ತಗೊಂಡು ಹೋಗಿ. ಈ ನಾನೂರು ಕೆಳಗಿನ ಕಡ್ಡಿಯವು. ಬೇಡ."

ಲಾರಿಯ ಡ್ರೈವರ್ ಹಿಂಬಾಗಿಲು ಇಳಿಸುತ್ತಿದ್ದವನು ಅಲ್ಲೇ ನಿಂತ. ಗಡಿಯಾರನ ಕಣ್ಣು ಇಷ್ಟು ದಿನದಲ್ಲಿ ಮೊದಲ ಸಲ ಮಣಿಕಟ್ಟಿನ ಕಡೆ ಹೋಗದೆ, ತಂಗಿಯ ತೊಡೆಯ ಮೇಲಿದ್ದ ಡಬ್ಬಿಗೆ ಬಿತ್ತು. ಅದರ ತುಂಬ ಅಂದು ಬೆಳಿಗ್ಗೆ ಕತ್ತರಿಸಿದ ಮುಳ್ಳು.

"ಇವಳಿಗೆ ತಲೆ ಕೆಟ್ಟಿದೆ ಅಜ್ಜಿ, ಕೆಲಸ ಹೋಗತ್ತೆ ಅಂತ ಏನೇನೋ ಒದರ್ತಾಳೆ," ಎಂದು ಹೇಳುತ್ತಲೇ ಕೈ ಚಾಚಿದ. "ಏಯ್, ಆ ಡಬ್ಬಿ ಇಲ್ಲಿ ಕೊಡು."

ತಂಗಿ ಡಬ್ಬಿಯ ಮೇಲೆ ಅಂಗೈ ಮುಚ್ಚಿದಳು.

"ಕೊಡೇ ಅಂದ್ರೆ. ಫಾರಂ ಸ್ವತ್ತು ಅದು."

"ನನ್ನ ಮಂಡಿಯೊಳಗಿದ್ದಾಗ ಯಾರ ಸ್ವತ್ತಾಗಿತ್ತು ಸಾರ್?"

ಅವನು ಮೇಜು ಸುತ್ತಿ ಒಂದು ಹೆಜ್ಜೆ ಮುಂದೆ ಬಂದ. ಅಜ್ಜಿ ದಾರಿ ಬಿಡದೆ ಅಲ್ಲೇ ನಿಂತಿದ್ದಳು. ತಂಗಿ ಏಳಲಿಲ್ಲ, ಏಳುವುದು ಅವಳಿಂದ ಸುಲಭಕ್ಕೆ ಆಗುವ ಕೆಲಸವೂ ಅಲ್ಲ. ಕೂತಲ್ಲಿಂದಲೇ ಹೇಳಿದಳು:

"ಕೊಡಲ್ಲ."