ತೊಳೆದ ಮೆಟ್ಟಿಲು

“ಕಾಲ ಕಡೆ ಎತ್ತಿ, ತಲೆ ಕಡೆ ಇಳಿಸಿ. ಅಯ್ಯೋ ಹಾಗಲ್ಲಪ್ಪಾ, ಗೋಡೆಗೆ ತಾಗುತ್ತೆ!”

ಎರಡನೇ ಮಹಡಿಯ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಮುಂದೆ ಅಳಿಯ, ಹಿಂದೆ ಕೆಳಮನೆಯ ದರ್ಜಿ, ನಡುವೆ ಬಿಳಿ ಬಟ್ಟೆ ಹೊದ್ದ ಮೆಟ್ಟಿಲಕ್ಕ. ಆ ಬೀದಿಯ ಐದು ಕಟ್ಟಡಗಳ ಮೆಟ್ಟಿಲುಗಳನ್ನು ಮೂವತ್ತು ವರ್ಷ ಗುಡಿಸಿ ಒರೆಸಿದವಳಿಗೆ ಜನ ಇಟ್ಟ ಹೆಸರು ಅದು. ಕೊನೆಯ ಸಲ ಆಸ್ಪತ್ರೆಗೆ ಸೇರಿಸುವಾಗ ಅಲ್ಲಿಯವರು ಅವಳ ನಿಜವಾದ ಹೆಸರನ್ನು ಕೇಳಿದರೆ, ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದ ದರ್ಜಿ ಬಾಯಿ ತೆರೆದು ಹಾಗೇ ಮುಚ್ಚಿಕೊಂಡಿದ್ದ.

“ಈ ಮೆಟ್ಟಿಲು ಕಟ್ಟಿದವನಿಗೆ ಮನುಷ್ಯರು ಸಾಯ್ತಾರೆ ಅನ್ನೋದು ನೆನಪೇ ಇರಲಿಲ್ಲ ಅನ್ಸುತ್ತೆ,” ಎಂದ ದರ್ಜಿ, ಏದುಸಿರು ಬಿಡುತ್ತ. “ಅಕ್ಕ ಇದ್ದಿದ್ರೆ ‘ಚಪ್ಪಲಿ ಬಿಟ್ಟು ಇಳೀರಿ, ಈಗಷ್ಟೇ ಒರೆಸಿದ್ದೀನಿ’ ಅಂತ ಗದರಿಸ್ತಿದ್ಲು.”

ಅಳಿಯ ನಕ್ಕುಬಿಟ್ಟ. ತಾಯಿಯ ತಲೆ ಅಲುಗದಂತೆ ಹಿಡಿದು ಇಳಿಯುತ್ತಿದ್ದ ಮಗಳು ನಗಲಿಲ್ಲ. ಕೆಳಗೆ ಶವದ ಗಾಡಿಯ ಸುತ್ತ ಎಷ್ಟು ಜನ ಇದ್ದಾರೆ ಎಂದು ಇಣುಕಿದಳು. ನಾಲ್ಕು ಜನ. ಎದುರಿನ ಕಟ್ಟಡಗಳ ಕಿಟಕಿಗಳಲ್ಲಿ ಮುಖಗಳಿದ್ದವು. ಒಂದೂ ಕೆಳಗಿಳಿದು ಬರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಆ ಬೀದಿ ಮೆಟ್ಟಿಲಕ್ಕನಿಂದ ಕೆಲಸ ಮಾಡಿಸಿಕೊಂಡಿತ್ತು, ಮನೆಯೊಳಗೆ ಕರೆದಿರಲಿಲ್ಲ.

ಚಿತಾಗಾರದ ಗುಮಾಸ್ತ ಏಳನೇ ನಂಬರಿನ ಚೀಟಿ ಹರಿದುಕೊಟ್ಟ. “ಈಗ ನಾಲ್ಕನೇದು ನಡೀತಿದೆ. ನಿಮ್ಮದು ಎರಡೂವರೆಗೆ ಬರುತ್ತೆ. ಯಾರೂ ದೂರ ಹೋಗ್ಬೇಡಿ, ಸರದಿ ಬಂದ್ಮೇಲೆ ನಾವು ಕಾಯೋದಿಲ್ಲ.”

ಹಜಾರದಲ್ಲಿ ಉದ್ದ ಬೆಂಚುಗಳಿದ್ದವು. ಮೆಟ್ಟಿಲಕ್ಕನನ್ನು ಗೋಡೆಯ ಪಕ್ಕ ಮಲಗಿಸಿದರು. ಮಧ್ಯಾಹ್ನ ಒಂದು ದಾಟಿರಬೇಕು, ಊರುಗೋಲು ಹಿಡಿದ ಮುದುಕನೊಬ್ಬ ಬಂದು ಸ್ಟ್ರೆಚರಿನಿಂದ ನಾಲ್ಕು ಹೆಜ್ಜೆ ಈಚೆಯೇ ನಿಂತ. ಮಗಳು ನೋಡಿದ ಕೂಡಲೆ ಗುರುತು ಹಿಡಿದಳು. ಆ ಮೀಸೆ ಕಪ್ಪಗಿದ್ದಾಗ, ತನಗೆ ಹದಿನಾಲ್ಕಾಗಿದ್ದಾಗ, ಆ ಮುಖವನ್ನು ಸಾಕ್ಷಿಯ ಕಟಕಟೆಯಲ್ಲಿ ನೋಡಿದ್ದಳು. ಆಗ ಅವನು ಪೊಲೀಸ್ ದಫೇದಾರನಾಗಿದ್ದ.

“ನನ್ನ ಸೊಸೆ ಆಸ್ಪತ್ರೇಲಿ ನರ್ಸು. ಅವಳು ಹೇಳಿದ್ಲು,” ಎಂದ ದಫೇದಾರ.

“ನೋಡಿ ಆಯ್ತಲ್ಲ. ಹೊರಡಿ.”

“ಒಂದು ಮಾತು ಹೇಳ್ಬೇಕಿತ್ತಮ್ಮ. ನಿಮ್ಮ ತಾಯಿ ಅವತ್ತು ಕೋರ್ಟಲ್ಲಿ ಹೇಳಿದ್ದು ಸುಳ್ಳಲ್ಲ. ನಾನೇ…”

“ನಂಗೆ ಗೊತ್ತು.” ಅವಳ ದನಿಗೆ ಬೆಂಚಿನವರೆಲ್ಲ ತಿರುಗಿದರು. “ಹದಿನಾಲ್ಕು ವರ್ಷದವಳಿದ್ದಾಗ್ಲೇ ಗೊತ್ತು. ಗೊತ್ತಿರೋರ ಹತ್ರ ಬಂದು ಹೇಳಿ ಎದೆ ಹಗುರ ಮಾಡ್ಕೊಂಡು ಹೋಗೋಣ ಅಂತ ಬಂದ್ರಾ?”



*

ಇಪ್ಪತ್ನಾಲ್ಕು ವರ್ಷದ ಹಿಂದಿನ ಆ ಬೆಳಿಗ್ಗೆ ಮೆಟ್ಟಿಲಕ್ಕ ಬಕೆಟ್ಟು ಹಿಡಿದು ಮೂರನೇ ಕಟ್ಟಡ ಹತ್ತಿದಾಗ ಆರೂವರೆ. ಮೊದಲ ಮಹಡಿಯ ತಿರುವಿನಲ್ಲಿ ಕನ್ನಡಕದಂಗಡಿಯವರ ಮಗಳು ಬಿದ್ದಿದ್ದಳು. ಹತ್ತೊಂಬತ್ತರ ಹುಡುಗಿ, ಬೆಳಗಿನ ಟೈಪಿಂಗ್ ತರಗತಿಗೆ ಹೊರಟವಳು. ಇನ್ನೂ ಉಸಿರಿತ್ತು. ತಲೆಯಿಂದ ಹರಿದ ರಕ್ತ ಮೂರು ಮೆಟ್ಟಿಲು ಇಳಿದು ನಿಂತಿತ್ತು. ಅದನ್ನು ತುಳಿದ ಬೂಟಿನ ಗುರುತು ಕೆಳಕ್ಕೆ ಹೋಗಿರಲಿಲ್ಲ, ಮೇಲಕ್ಕೆ ಹೋಗಿತ್ತು. ಎಡಗಾಲಿನ ಹಿಮ್ಮಡಿಯ ಮೂಲೆ ಮುರಿದಿತ್ತು. ದಿನವೂ ಹೆಜ್ಜೆಗುರುತುಗಳನ್ನೇ ಒರೆಸುತ್ತಿದ್ದವಳ ಕಣ್ಣಿಗೆ ಅದು ತಪ್ಪುವಂತಿರಲಿಲ್ಲ.

ಅವಳ ಕೂಗಿಗೆ ಕಟ್ಟಡವೆಲ್ಲ ಎದ್ದಿತು. ಆಂಬುಲೆನ್ಸ್ ಬಂದು ಹುಡುಗಿಯನ್ನೂ ಅಪ್ಪನನ್ನೂ ಕರೆದೊಯ್ದಿತು. ಆಮೇಲೆ ಠಾಣೆಯಿಂದ ದಫೇದಾರ ಒಬ್ಬನೇ ಬಂದ. ಮೇಲೆ ಕೆಳಗೆ ನೋಡಿ, ಕಾಲು ಜಾರಿ ಬಿದ್ದದ್ದು ಎಂದು ಪುಸ್ತಕದಲ್ಲಿ ಬರೆದುಕೊಂಡ. ಅಷ್ಟರಲ್ಲಿ ಶಾಲೆಯ ಹೊತ್ತಾಗಿ ಮೇಲಿನ ಮನೆಗಳ ಮಕ್ಕಳು ಚೀಲ ಹೊತ್ತು ನಿಂತಿದ್ದವು. ಒಂದು ಮಗು ಅಳತೊಡಗಿತು.

“ಅಮ್ಮಾ, ಅದನ್ನ ತೊಳೆದುಬಿಡಿ. ಮಕ್ಕಳು ಹೆದರ್ತಾವೆ,” ಎಂದ ದಫೇದಾರ.

“ಗುರುತಿದೆ ಅಯ್ಯಾ. ಇಲ್ನೋಡಿ, ಬೂಟಿಂದು. ತೊಳೀಬಹುದಾ?”

“ಯಾರೋ ನೋಡೋಕೆ ಬಂದೋರ ಕಾಲು ಅದು. ತೊಳೀರಿ ನೀವು.”

ಅವಳು ತೊಳೆದಳು. ಎರಡು ಸಲ ನೀರು ಬದಲಾಯಿಸಿ, ಫಿನಾಯಿಲು ಹಾಕಿ, ತನ್ನ ಕೆಲಸ ಹೇಗೋ ಹಾಗೆ, ಚೊಕ್ಕವಾಗಿ.

ಮಧ್ಯಾಹ್ನಕ್ಕೆ ಹುಡುಗಿ ತೀರಿಕೊಂಡಳು. ತಲೆಗೆ ಮೂರು ಏಟು ಬಿದ್ದಿವೆ, ಇದು ಬಿದ್ದದ್ದಲ್ಲ ಎಂದರು ವೈದ್ಯರು. ಇನ್‌ಸ್ಪೆಕ್ಟರು, ಫೋಟೊದವನು, ಬೆರಳಚ್ಚಿನವರು, ನಾಯಿ ಎಲ್ಲ ಬಂದರು. ಹಗ್ಗ ಕಟ್ಟಿ ಜನರನ್ನು ಹಿಂದಕ್ಕೆ ತಳ್ಳಿದರು. ಹಗ್ಗದೊಳಗೆ ಹೊಳೆಯುವ ಮೆಟ್ಟಿಲಿತ್ತು. ನಾಯಿ ಫಿನಾಯಿಲಿಗೆ ಸೀನಿ ಮುಖ ತಿರುಗಿಸಿತು.

“ಯಾರು ತೊಳೆದದ್ದು?” ಎಂದರು ಇನ್‌ಸ್ಪೆಕ್ಟರು.

ಎಲ್ಲರೂ ಮೆಟ್ಟಿಲಕ್ಕನ ಕಡೆ ನೋಡಿದರು. ಅವಳು ದಫೇದಾರನ ಕಡೆ ನೋಡಿದಳು.

ಹೇಳಿಕೆ ಬರೆಸಿಕೊಳ್ಳಲು ಕರೆಯುವ ಮೊದಲು ಅವನು ಅವಳನ್ನು ನಲ್ಲಿಯ ಹತ್ತಿರ ಹಿಡಿದ. “ಅಕ್ಕಾ, ಕೈ ಮುಗೀತೀನಿ. ಹೆಂಡತಿ ಹೆರಿಗೆಗೆ ಹೋಗಿದ್ದಾಳೆ. ನಾನು ಹೇಳಿದ್ದು ಅಂತ ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತಾರೆ. ನೀವಾದ್ರೆ ಗೊತ್ತಿಲ್ಲದೆ ತೊಳೆದ್ರಿ ಅಂತಾರೆ, ಅಷ್ಟೆ. ನಿಮಗೇನೂ ಆಗಲ್ಲ.”

ನಿಮಗೇನೂ ಆಗಲ್ಲ ಎಂಬ ಮಾತನ್ನು ಅವಳು ನಂಬಿದಳು. ‘ನಾನಾಗಿಯೇ ತೊಳೆದೆ’ ಎಂದು ಬರೆಸಿ, ಹೆಬ್ಬೆಟ್ಟೊತ್ತಿ ಬಂದಳು.

*

“ಇನ್ನೂ ಒಂದು ಗಂಟೆ ಇದೆ,” ಎಂದು ಮಗಳು ಗೋಡೆಯ ಗಡಿಯಾರ ನೋಡಿದಳು. “ಕನ್ನಡಕದಂಗಡಿ ಇಲ್ಲಿಗೆ ಹತ್ತು ನಿಮಿಷ. ಬನ್ನಿ. ಅವರ ಮುಂದೆ ಹೇಳಿ.”

“ಈಗಲಾ? ಹೆಣ ಇಟ್ಕೊಂಡು…”

“ಇನ್ಯಾವಾಗ? ಇನ್ನೊಂದು ಗಂಟೇಲಿ ನಮ್ಮಮ್ಮ ಇರಲ್ಲ.”

ಅಳಿಯ ತೋಳು ಹಿಡಿದ. “ನೀನೇ ಇಲ್ದೆ ಹೋದ್ರೆ ಹೇಗೇ? ಜನ ಏನಂತಾರೆ?”

“ಅವರು ಅನ್ನೋದನ್ನೆಲ್ಲ ಅಂದು ಮುಗಿಸಿದ್ದಾರೆ. ನೀವು ಅಮ್ಮನ ಹತ್ರ ಇರಿ. ಸರದಿ ಬಂದ್ರೆ ಫೋನ್ ಮಾಡಿ.”

ಟ್ಯಾಕ್ಸಿಯಲ್ಲಿ ದಫೇದಾರ ಕಿಟಕಿಗೆ ಅಂಟಿ ಕೂತ. ಅವನು ಬಾಗಿಲು ತೆರೆದು ಇಳಿದುಬಿಟ್ಟಾನೆಂದು ಮಗಳು ಅವನ ಊರುಗೋಲನ್ನು ತಾನೇ ಹಿಡಿದುಕೊಂಡಿದ್ದಳು.

*

ವಿಚಾರಣೆ ಶುರುವಾದದ್ದು ಮೂರು ವರ್ಷದ ಮೇಲೆ. ಆರೋಪಿಯ ಕಟಕಟೆಯಲ್ಲಿ ನಿಂತವನು ಅದೇ ಕಟ್ಟಡದ ಮೇಲಿನ ಮನೆಯವನು. ತಿಂಗಳುಗಟ್ಟಲೆ ಆ ಹುಡುಗಿಯ ಹಿಂದೆ ಬಿದ್ದಿದ್ದವನು. ಅವನ ಮನೆಯಲ್ಲಿ ಸಿಕ್ಕ ಬೂಟಿನ ಎಡ ಹಿಮ್ಮಡಿಯ ಮೂಲೆ ಮುರಿದಿತ್ತು. ಆದರೆ ಹೋಲಿಸಿ ನೋಡಲು ಗುರುತಿನ ಫೋಟೊ ಇರಲಿಲ್ಲ. ಗುರುತು ಇದ್ದದ್ದು ಮೆಟ್ಟಿಲಕ್ಕನ ಕಣ್ಣೊಳಗೆ ಮಾತ್ರ.

ಸರ್ಕಾರಿ ವಕೀಲರು ಕೇಳಿದಾಗ ಎಲ್ಲವನ್ನೂ ಸರಿಯಾಗಿಯೇ ಹೇಳಿದಳು. ಆಮೇಲೆ ಎದುರು ವಕೀಲ ಎದ್ದ.

“ಅಷ್ಟು ಚೆನ್ನಾಗಿ ನೋಡಿದ ಗುರುತನ್ನ ತೊಳೆದದ್ದು ಯಾಕಮ್ಮ?”

ಅವಳು ಬೆಂಚಿನಲ್ಲಿ ಕೂತಿದ್ದ ಹುಡುಗಿಯ ಅಪ್ಪನನ್ನು ನೋಡಿದಳು. “ದಫೇದಾರ್ ಅಯ್ಯನೋರು ತೊಳೀರಿ ಅಂದ್ರು. ನಾನು ಗುರುತಿದೆ ಅಂತ ಹೇಳಿದೆ. ಆದ್ರೂ ತೊಳೀರಿ ಅಂದ್ರು.”

“ಪೊಲೀಸರ ಮುಂದೆ ನಾನಾಗಿಯೇ ತೊಳೆದೆ ಅಂತ ಹೇಳಿದ್ದೀರಲ್ಲ?”

“ಅದು… ಅದು ಸುಳ್ಳು.”

“ಅದು ಸುಳ್ಳೋ, ಇದು ಸುಳ್ಳೋ?”

ಹಜಾರದಲ್ಲಿ ಯಾರೋ ಕಿಸಕ್ಕೆಂದರು. ಮರುದಿನ ದಫೇದಾರ ಕಟಕಟೆಗೆ ಬಂದು, ತಾನು ಹಾಗೆ ಹೇಳಿಲ್ಲವೆಂದು ಪ್ರಮಾಣ ಮಾಡಿ ನುಡಿದ. ಒಂದೊಂದು ಕಡೆ ಒಂದೊಂದು ಹೇಳುವ ಸಾಕ್ಷಿಯನ್ನು ನಂಬಲಾಗದು ಎಂದು ತೀರ್ಪಿನಲ್ಲಿ ಬಂತು. ಮೇಲಿನ ಮನೆಯವನು ಸಂಶಯದ ಲಾಭ ಪಡೆದು ಮನೆಗೆ ಹೋದ.

ಹೊರಗೆ ಹುಡುಗಿಯ ಅಪ್ಪ ಮೆಟ್ಟಿಲಕ್ಕನ ಎದುರು ನಿಂತರು. ಬೈಯಲಿಲ್ಲ, ಕೂಗಲಿಲ್ಲ.

“ಅವನು ಕೊಂದ. ನೀನು ಒರೆಸಿ ಹಾಕಿದೆ,” ಎಂದರು, ಅಷ್ಟೆ.

ಮೆಟ್ಟಿಲಕ್ಕ ಮೇಲಿನ ಮನೆಯವನ ಕಡೆಯವಳು ಎಂಬ ಮಾತು ಸಂಜೆಯೊಳಗೆ ಐದೂ ಕಟ್ಟಡ ಹತ್ತಿ ಇಳಿದಿತ್ತು. ಮಗಳ ಕೈ ಹಿಡಿದು ಮನೆಗೆ ಬಂದವಳು ಬಾಗಿಲು ಹಾಕಿ, “ನೀನಾದ್ರೂ ನಂಬ್ತೀಯೇನೇ?” ಎಂದು ಕೇಳಿದಳು. ಮಗಳು ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಮೂರು ಸಲ ಮೆಟ್ಟಿಲಕ್ಕ ಕನ್ನಡಕದಂಗಡಿಗೆ ಹೋಗಿದ್ದಳು. ಮೂರು ಸಲವೂ ಅವರು ಅವಳನ್ನು ಕಂಡು ಅಂಗಡಿಯ ಬಾಗಿಲೆಳೆದುಕೊಂಡಿದ್ದರು.

*

ಅಂಗಡಿಯವರಿಗೆ ಎಪ್ಪತ್ತು ದಾಟಿತ್ತು. ದಫೇದಾರ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಶಾಲೆಯ ಮಕ್ಕಳು, ಬೂಟಿನ ಗುರುತು, ನಲ್ಲಿಯ ಹತ್ತಿರದ ಮಾತು. ಅವರು ಕೈಯಲ್ಲಿದ್ದ ಚೌಕಟ್ಟಿನ ಸ್ಕ್ರೂ ಬಿಗಿಮಾಡುತ್ತಲೇ ಇದ್ದರು. ಅದು ಬಿಗಿಯಾದ ಮೇಲೂ ತಿರುಗಿಸುತ್ತಿದ್ದರು.

“ನಂಗೊತ್ತಿತ್ತು,” ಎಂದರು ಕೊನೆಗೆ.

ಮಗಳಿಗೆ ಕೇಳಿದ್ದು ಅರ್ಥವಾಗಲಿಲ್ಲ. “ಏನು ಗೊತ್ತಿತ್ತು?”

“ಕೇಸು ಬಿದ್ದುಹೋಗಿ ವರ್ಷ ಆಗಿತ್ತು. ಮೊದಲ ಮಹಡಿ ಅಜ್ಜಿ ಸಾಯೋ ಮುಂಚೆ ಹೇಳಿದ್ರು. ಪೊಲೀಸಿನೋನು ತೊಳೀರಿ ಅಂದದ್ದನ್ನ ಬಾಗಿಲ ಸಂದೀಲಿ ಕೇಳಿಸ್ಕೊಂಡಿದ್ರಂತೆ.” ಅವರು ಚೌಕಟ್ಟನ್ನು ಗಾಜಿನ ಮೇಲಿಟ್ಟರು. “ಮೇಲಿನ ಮನೆಯೋನು ಈಗಲೂ ಈ ರಸ್ತೇಲೇ ಓಡಾಡ್ತಾನಮ್ಮ. ಅವನನ್ನ ಏನೂ ಮಾಡೋಕಾಗ್ಲಿಲ್ಲ. ಪೊಲೀಸಿನೋರನ್ನ ಏನೂ ಅನ್ನೋಕಾಗ್ಲಿಲ್ಲ. ನಿಮ್ಮಮ್ಮನ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗ್ತಿತ್ತು. ಅದೊಂದೇ ನನ್ನ ಕೈಲಿ ಆಗ್ತಿದ್ದದ್ದು.”

“ಇಪ್ಪತ್ತು ವರ್ಷ ಬೀದಿಯೋರು ಅವಳನ್ನ ಹೊಸಿಲ ಒಳಗೆ ಬಿಡ್ಲಿಲ್ಲ,” ಎಂದಳು ಮಗಳು. “ನೀವೊಂದು ಮಾತು ಹೇಳಿದ್ರೆ ಸಾಕಿತ್ತು.”

ಫೋನು ಬಡಿದುಕೊಂಡಿತು. ಅಳಿಯ. “ಆರನೆಯವರ ಕಡೆಯೋರು ಇನ್ನೂ ಬಂದಿಲ್ವಂತೆ, ನಮ್ಮನ್ನ ಮುಂಚೆ ತಗೋತಾರಂತೆ. ಬೇಗ ಬಾ.”

“ಒಂದು ಹತ್ತು ನಿಮಿಷ ತಡೀರಿ.” ಅವಳು ಫೋನು ಇಟ್ಟು ದಫೇದಾರನಿಗೆ ಹೇಳಿದಳು: “ಬರೆದುಕೊಡಿ.”

“ಅದರಿಂದ ಏನೂ ಆಗಲ್ಲಮ್ಮ,” ಎಂದರು ಅಂಗಡಿಯವರು. “ಬಿಡುಗಡೆ ಆದವನನ್ನ ಅದೇ ಕೇಸಲ್ಲಿ ಮತ್ತೆ ನಿಲ್ಲಿಸೋಕಾಗಲ್ಲ. ಹತ್ತು ವಕೀಲರನ್ನ ಕೇಳಿದ್ದೀನಿ.”

“ಅವನಿಗೋಸ್ಕರ ಅಲ್ಲ ನಾನು ಕೇಳ್ತಿರೋದು, ಅಮ್ಮನಿಗೋಸ್ಕರ. ಕಾಗದ ಕೊಡಿ.”

ಅವರು ಕಣ್ಣಿನ ನಂಬರು ಬರೆದುಕೊಡುವ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟರು. ದಫೇದಾರ ಗಾಜಿನ ಮೇಲೆ ಬಗ್ಗಿ ಬರೆಯತೊಡಗಿದ. ಅಕ್ಷರ ಠಾಣೆಯದೇ, ಗುಂಡಗೆ. ಮಗಳು ಕಸಿದುಕೊಂಡು ಓದಿದಳು: ‘ಸದರಿ ದಿನದಂದು ಸದರಿ ಸ್ಥಳವನ್ನು ತೊಳೆಯಲು ಸೂಚಿಸಲಾಯಿತು.’

“ಯಾರು ಸೂಚಿಸಿದ್ರು?”

“ಅದೇ… ಅದರಲ್ಲಿ ಬರುತ್ತಲ್ಲಮ್ಮ.”

“ಬರಲ್ಲ. ಇದರಲ್ಲಿ ಯಾರೂ ಇಲ್ಲ. ನೀವಿಲ್ಲ, ನಮ್ಮಮ್ಮನೂ ಇಲ್ಲ. ನಾನು ಅಂತ ಬರೀರಿ.”

ಅವಳು ಹಾಳೆಯನ್ನು ಮತ್ತೆ ಅವನ ಮುಂದಿಟ್ಟಳು. ಪೆನ್ನು ಅದರ ಮೇಲೆ ನಿಂತೇ ಇತ್ತು. ಮತ್ತೆ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. “ಬರೀರಿ,” ಎಂದಳು, “ನಿಮ್ಮ ಕಾಲಿಗೆ ಬೀಳ್ತೀನಿ, ಬರೀರಿ.” ನಿಜವಾಗಿಯೂ ಬಗ್ಗಿದಳು. ದಫೇದಾರ ಹಿಂದಕ್ಕೆ ಸರಿದು, “ಬೇಡ ತಾಯೀ, ಬೇಡ,” ಎಂದು ಅಳುತ್ತ ಕೂತ. ಫೋನು ನಿಂತಿತು, ಮತ್ತೆ ಶುರುವಾಯಿತು. ಅವನು ಇನ್ನೊಂದು ಹಾಳೆ ಎಳೆದುಕೊಂಡ.

ಬರೆದು ಮುಗಿಸಿದ್ದನ್ನು ಅಂಗಡಿಯವರು ಭೂತಕನ್ನಡಿ ಹಿಡಿದು ಓದಿದರು. ಕೆಳಗೆ ತಾವೂ ಸಹಿ ಹಾಕಿದರು.

“ನೀವೂ ಬನ್ನಿ,” ಎಂದಳು ಮಗಳು.

“ಬಂದು ಏನಂತ ನಿಲ್ಲಲಿ?” ಎಂದು ಅವರು ಮುಖ ತಿರುಗಿಸಿದರು.

*

ಚಿತಾಗಾರದ ಮುಂದೆ ಟ್ಯಾಕ್ಸಿ ನಿಲ್ಲುವ ಮೊದಲೇ ಅವಳು ಇಳಿದು ಓಡಿದಳು. ಗೋಡೆಯ ಪಕ್ಕ ಖಾಲಿ ಸ್ಟ್ರೆಚರ್ ಇತ್ತು. ಅಳಿಯ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ.

“ಎಷ್ಟು ಸಲ ಮಾಡಿದೆ ಫೋನು! ಐದು ನಿಮಿಷ ಕೊಡಿ ಅಂತ ಬೇಡ್ಕೊಂಡೆ ಕಣೇ. ಕೇಳ್ಲಿಲ್ಲ.”

“ಮುಖ…” ಎಂದಳು ಅವಳು. “ಮುಖ ನೋಡ್ಬೇಕಿತ್ತು.”

ದರ್ಜಿ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟ.

ಕಬ್ಬಿಣದ ಬಾಗಿಲು ಮುಚ್ಚಿತ್ತು. ಒಳಗಿನ ಯಂತ್ರದ ಸದ್ದಿಗೆ ನೆಲ ಅದುರುತ್ತಿತ್ತು. ಅವಳು ಬಾಗಿಲಿನ ಬಿಸಿ ಮುಖಕ್ಕೆ ತಾಗುವಷ್ಟು ಹತ್ತಿರ ಹೋಗಿ, ಹಾಳೆ ಬಿಡಿಸಿ ಓದತೊಡಗಿದಳು. “ಮೆಟ್ಟಿಲ ಮೇಲೆ ಗುರುತಿದೆ ಎಂದು ಆಕೆ ಹೇಳಿದಳು. ಆದರೂ ತೊಳೆಯಲು ಆಕೆಗೆ ಹೇಳಿದವನು ನಾನು. ನ್ಯಾಯಾಲಯದಲ್ಲಿ ಸುಳ್ಳು ಹೇಳಿದವನೂ ನಾನು…” ಯಂತ್ರದ ಸದ್ದು ಏರಿತು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಮತ್ತೆ ಮೊದಲಿನಿಂದ, ಗಂಟಲು ಬಿರಿಯುವಷ್ಟು ಜೋರಾಗಿ ಓದಿದಳು. ಎಂಟನೇ ನಂಬರಿನವರು, ಅದು ಏನೆಂದು ತಿಳಿಯದೆಯೇ, ಬೆಂಚಿನಿಂದ ಒಬ್ಬೊಬ್ಬರಾಗಿ ಎದ್ದು ನಿಂತರು.