ಪಳಗಿದ ಗಂಟಲು

ಡಾಕ್ಟರಮ್ಮ ಅಪ್ಪನ ಕತ್ತಿಗೆ ಪುಟ್ಟ ಮೈಕು ಒತ್ತಿ ಹಿಡಿದು, "'ಈ...' ಅಂತ ಎಳೀರಿ. ನಿಮ್ಮ ದನಿ ನೋಡ್ಕೊಂಡೇ ಕೊಳವೆ ತುದಿಯ ಬೆಳಕು ಮಿಣುಕೋದು. ದನಿ ನಿಂತ್ರೆ ಪರದೆ ಮೇಲಿನ ಚಿತ್ರಾನೂ ಕೆಡುತ್ತೆ" ಅಂದರು.

ಮೂವತ್ತು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಅಪ್ಪ ನಕ್ಕ. "ಬರೀ 'ಈ' ಅಂದ್ರೆ ಏನ್ ಗಿಟ್ಟುತ್ತಮ್ಮ? ಟೊಮೆಟೊ ರೇಟು ಕೂಗ್ಲಾ?"

ದನಿಯಲ್ಲ ಅದು, ಗೋಣಿಚೀಲ ನೆಲದ ಮೇಲೆ ಎಳೆದ ಸದ್ದು.

ನಾಲಿಗೆಗೆ ಬಟ್ಟೆ ಸುತ್ತಿ ಹಿಡಿದು ಗಂಟಲಿಗೆ ಕೊಳವೆ ಇಳಿಸಿದರು. ಪರದೆಯಲ್ಲಿ ಎರಡು ಬಿಳಿ ಪಟ್ಟಿ, ದನಿ ಹುಟ್ಟೋ ತಂತುಗಳು. ಬಲಗಡೆಯದರ ಮೇಲೆ ನಿಧಾನಕ್ಕೆ ಅಲೆ ಏಳುತ್ತಿತ್ತು. ಎಡಗಡೆಯದು ಕೊರಡು.

"ಎಷ್ಟು ದಿನದಿಂದ ಹೀಗೆ?"

"ಹತ್ತು ತಿಂಗಳು" ಅಂದೆ.

"ಹತ್ತು ತಿಂಗಳು ಏನ್ ಮಾಡ್ತಿದ್ರಪ್ಪ?"

ಖುಷಿಪಡ್ತಿದ್ವಿ. ಮಂಡಿಯಲ್ಲಿ ಗಂಟಲು ಒಡೆದರೆ ಅದು ಕಾಯಿಲೆಯಲ್ಲ, ಬಡ್ತಿ. "ಪಳಗಿತು" ಅಂತಾರೆ. ಅಪ್ಪನದು ಒಡೆಯದೆ ಗಂಟೆ ಹೊಡೆದ ಹಾಗಿತ್ತು ಅಂತ ಇಷ್ಟು ವರ್ಷ "ಹಾಡುಗಾರ" ಅಂದು ಛೇಡಿಸಿದ್ದರು. ಕೊನೆಗೂ ಒಡೆದ ದಿನ ಹಮಾಲರಿಗೆಲ್ಲ ಟೀ ಕುಡಿಸಿದವನು ನಾನೇ. ಆ ಲೋಟಗಳನ್ನೆಲ್ಲ ಈಗ ನನ್ನ ತಲೆಗೇ ಚಚ್ಚಬೇಕು.

ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ಬೇಗ ಬಂದಿದ್ದರೆ ಅಷ್ಟು ಜಾಗ ಮಾತ್ರ ಕೆತ್ತಬಹುದಿತ್ತಂತೆ. ಈಗ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡೋಕೆ ಕತ್ತಿನಲ್ಲೊಂದು ತೂತು. ಮಾತಾಡೋಕೆ ಏನೂ ಇಲ್ಲ.

ಅಪ್ಪನ ಜಾಗದಲ್ಲಿ ನಾನು ನಿಂತೆ. ಯಾರ ಮೇಲೆ ತೀರಿಸ್ಕೊಳ್ಳೋದು ಅಂತ ಗೊತ್ತಿಲ್ಲದ ಸಿಟ್ಟನ್ನೆಲ್ಲ ಮೂಲಂಗಿ, ಬದನೆಕಾಯಿ ಮೇಲೆ ಕೂಗಿದೆ. ನಾಲ್ಕನೇ ತಿಂಗಳಿಗೆ ನನ್ನ ಗಂಟಲೂ ಒಡೆಯಿತು.

ಹಿರಿಯ ಹಮಾಲ ಬೆನ್ನು ತಟ್ಟಿದ. "ಭೇಷ್ ಮಗನೇ, ಪಳಗಿತು! ಟೀ ಯಾವಾಗ?"

ಮೂಟೆ ಮೇಲೆ ಕೂತಿದ್ದ ಅಪ್ಪ ಎದ್ದ. ಹರಾಜು ಅರ್ಧದಲ್ಲಿರುವಾಗಲೇ ನನ್ನ ಕಾಲರ್ ಹಿಡಿದು ಎಲ್ಲರೆದುರು ದರದರ ಎಳೆದುಕೊಂಡು ಹೊರಟ. ಆಸ್ಪತ್ರೆ ಬರೋ ತನಕ ಬಿಡಲಿಲ್ಲ.

ಅದೇ ಕುರ್ಚಿ. ಬಾಯಲ್ಲಿ ಕೊಳವೆ, ಕಣ್ಣಲ್ಲಿ ನೀರು. "ಈ..." ಅಂದೆ.

ಎರಡೂ ಕಡೆ ಅಲೆ ಎದ್ದಿತು.

"ಊತ ಅಷ್ಟೆ. ಎರಡು ವಾರ ಬಾಯಿ ಮುಚ್ಕೊಂಡಿರು, ಸಾಕು" ಅಂದರು ಡಾಕ್ಟರಮ್ಮ.

ಅಪ್ಪ ಪರದೆ ತೋರಿಸಿ, ರೆಕಾರ್ಡಾದದ್ದನ್ನ ಇನ್ನೊಂದು ಸಲ ಹಾಕಿ ಅಂತ ಸನ್ನೆ ಮಾಡಿದ. ಮತ್ತೆ ನನ್ನ ದನಿ, ಮತ್ತೆ ಅಲೆ. ಎಡಗಡೆಯ ಪಟ್ಟಿಯ ಮೇಲೆ ಬೆರಳಿಟ್ಟು, ಅದು ಅಲುಗಿದ ಹಾಗೇ ಬೆರಳನ್ನೂ ಅಲುಗಿಸಿದ. ಅವನ ಬಾಯಿ 'ಈ' ಅನ್ನುವಷ್ಟು ಅಗಲವಾಯಿತು.

ಕತ್ತಿನ ತೂತಿನಿಂದ ಗಾಳಿ ಬಂತು.