ಒಂಬತ್ತನೆಯ ಗಂಟೆ

ಹನ್ನೆರಡು ಕುರ್ಚಿ, ಹನ್ನೆರಡು ಪರದೆ, ಒಂದೇ ಒಂದು ಕಿಟಕಿ. ಆ ಕಿಟಕಿಗೂ ಕಪ್ಪು ಕಾಗದ ಅಂಟಿಸಿದ್ದರು. ಹೊರಗೆ ಬೆಳಕಿದೆ ಅಂತ ಕಂಡರೆ ಹೆಂಗಸರಿಗೆ ಮನೆಯ ಚಿಂತೆ ಹತ್ತುತ್ತದೆ ಎಂಬುದು ಮ್ಯಾನೇಜರನ ವಾದ. ಹಾಗಾಗಿ ಅವರು ಹಾಡುಹಗಲಲ್ಲಿ ಬಂದು ಕತ್ತಲಲ್ಲಿ ಕೂರುತ್ತಿದ್ದರು. ಪರದೆಯ ಮೇಲೆ ದೂರದೇಶದ ಗೋದಾಮುಗಳು. ಇಲ್ಲಿ ಹಗಲಾದಾಗ ಅಲ್ಲಿ ರಾತ್ರಿ. ಆ ರಾತ್ರಿಯನ್ನು ಇಲ್ಲಿಂದ ಕಾಯುವುದೇ ಇವರ ಕೆಲಸ. ಯಾರಾದರೂ ಬೇಲಿ ಹಾರಿದರೆ ಗುಂಡಿ ಒತ್ತಿ, ಅಲ್ಲಿಯ ಗೇಟಿನ ಸ್ಪೀಕರಿನಲ್ಲಿ ಕೇಳುವ ಹಾಗೆ ಅಲ್ಲಿಯ ಭಾಷೆಯಲ್ಲೇ ಗದರಿಸಬೇಕು.

ಕಣ್ಣು ಮಿಟುಕಿಸಿದರೆ ತಪ್ಪು. ಕಕ್ಕಸಿಗೆ ಹೋಗಬೇಕಾದರೆ ಕೈ ಎತ್ತಬೇಕು, ಐದು ನಿಮಿಷದಲ್ಲಿ ವಾಪಸು ಬರಬೇಕು. ಅದಕ್ಕೆ ಹೆದರಿ ಅರ್ಧ ಜನ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅವರು ಗೋದಾಮು ಕಾದರೆ, ಅವರನ್ನು ಕಾಯುವುದಕ್ಕೆ ತಲೆಯ ಮೇಲೆ ಇನ್ನೊಂದು ಕ್ಯಾಮೆರಾ ಇತ್ತು.

ಮ್ಯಾನೇಜರನಿಗೆ ಹೆಂಗಸರು ಇಟ್ಟ ಹೆಸರು ಜೋಡಿವಾಚು. ಎಡಗೈಗೆ ಇಲ್ಲಿಯ ಸಮಯ, ಬಲಗೈಗೆ ಅಲ್ಲಿಯ ಸಮಯ ಕಟ್ಟಿಕೊಂಡು ಓಡಾಡುತ್ತಿದ್ದ. ಎರಡು ದೇಶಗಳಿಗೂ ಸರಿಯಾಗಿ ಹನ್ನೆರಡು ಗಂಟೆಯ ಅಂತರ. ಚಳಿಗಾಲದಲ್ಲಿ ಎರಡು ವಾಚೂ ಒಂದೇ ತೋರಿಸುತ್ತಿದ್ದವು. ಆದರೂ ಅವನು ಒಂದನ್ನು ನೋಡಿ, ಹುಬ್ಬು ಗಂಟಿಕ್ಕಿ, ಇನ್ನೊಂದನ್ನು ನೋಡುತ್ತಿದ್ದ. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

ತೊಡಕು ಬರುತ್ತಿದ್ದುದು ಬೇರೆ ಕಡೆ. ಆ ದೇಶದವರು ವರ್ಷಕ್ಕೆ ಎರಡು ಸಲ ಗಡಿಯಾರದ ಕಿವಿ ಹಿಂಡುತ್ತಾರೆ. ಬೇಸಿಗೆ ಹತ್ತಿರ ಬಂದಾಗ ಒಂದು ಗಂಟೆ ಕೂಡಿಸುತ್ತಾರೆ, ಚಳಿ ಹತ್ತಿರ ಬಂದಾಗ ಅದನ್ನು ಕಳೆಯುತ್ತಾರೆ. ಬಿಸಿಲು ಉಳಿಸುವುದಕ್ಕಂತೆ. ಉಳಿಸಿದ ಬಿಸಿಲನ್ನು ಯಾವ ಡಬ್ಬಿಯಲ್ಲಿ ಹಾಕಿಡುತ್ತಾರೋ, ಇಲ್ಲಿಯವರಿಗಂತೂ ಅದರಲ್ಲಿ ಒಂದು ಚೂರೂ ಸಿಕ್ಕಿದ್ದಿಲ್ಲ. ಜೋಡಿವಾಚಿಗೆ ಈ ಕೂಡಿಸಿ ಕಳೆಯುವ ವಿಷಯ ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಎರಡನೇ ಕುರ್ಚಿಯವಳು ಬೆರಳು ಮಡಚಿ ಕ್ಷಣದಲ್ಲಿ ಹೇಳಿಬಿಡುತ್ತಿದ್ದಳು. ಎಲ್ಲರೂ ಅವಳನ್ನು ಲೆಕ್ಕದಕ್ಕ ಅನ್ನುತ್ತಿದ್ದರು. ಗೋಡೆಗೆ ಅಂಟಿಸುವ ಪಾಳಿಯ ಪಟ್ಟಿ ಬರೆಯುವವಳು ಅವಳೇ. ಹೆಸರು ಮಾತ್ರ ಅವನದು.

ನಾಲ್ಕನೇ ಕುರ್ಚಿಯಲ್ಲಿ ಅವಳ ತಂಗಿ ಕೂರುತ್ತಿದ್ದಳು. ಎದೆಹಾಲು ಕುಡಿಯುವ ಕೂಸು ಇದ್ದವಳು. ಕೂಸನ್ನು ಬೀದಿ ಕೊನೆಯ ಶಿಶುಮನೆಯಲ್ಲಿ ಬಿಟ್ಟು ಬರುತ್ತಿದ್ದಳು. ಐದೂವರೆಗೆ ಅಲ್ಲಿ ಬಾಗಿಲು ಹಾಕುತ್ತಾರೆ. ಬೇಸಿಗೆಯ ಪಾಳಿ ಒಂಬತ್ತರಿಂದ ಐದು, ಅಲ್ಲಿಯ ಲೆಕ್ಕದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರು. ಎಂಟು ಗಂಟೆ ಕೂತು, ಐದಕ್ಕೆ ಎದ್ದು, ಎದೆ ಬಿಗಿದುಕೊಂಡು ಓಡುತ್ತಿದ್ದಳು.

ಹೋದ ಸಲ ಚಳಿಗಾಲ ಶುರುವಾಗುವಾಗ ಅಲ್ಲಿಯವರು ಒಂದು ಗಂಟೆ ಕಳೆದರು. ಅಲ್ಲಿ ರಾತ್ರಿ ಒಂದರಿಂದ ಎರಡು ಎರಡೆರಡು ಸಲ ಬಂತು. ಇಲ್ಲಿ ಒಂಬತ್ತಕ್ಕೆ ಕೂತವರು ಅಲ್ಲಿ ಬೆಳಗಿನ ಆರು ಆಗಬೇಕಾದರೆ ಇಲ್ಲಿ ಸಂಜೆ ಆರರವರೆಗೆ ಕೂರಬೇಕು. ಒಂಬತ್ತು ಗಂಟೆ. ತಂಗಿ ಬೆಳಗ್ಗೆಯೇ ಹೇಳಿದ್ದಳು.

"ಸಾರ್, ಇವತ್ತು ಐದಕ್ಕೆ ಹೋಗ್ಲೇಬೇಕು. ಕೂಸು ಇದೆ. ನನ್ನ ಎಂಟು ಗಂಟೆ ಆಗಿರತ್ತೆ."

"ಸರಿ ಸರಿ, ಹೋಗು," ಅಂದಿದ್ದ ಫೋನಿನಿಂದ ತಲೆ ಎತ್ತದೆ. ಅವಳ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ.

ಐದೂ ಇಪ್ಪತ್ತಕ್ಕೆ ನಾಲ್ಕನೇ ಪರದೆಯ ಗೋದಾಮಿಗೆ ಒಂದು ಲಾರಿ ಬಂತು. ಬಾಗಿಲು ಒಡೆದು ಸಾಮಾನು ತುಂಬಿಕೊಂಡು ಹೋಯಿತು. ನೋಡಲು ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಮರುದಿನ ವಿಚಾರಣೆ. "ಅವರ ಗಡಿಯಾರದಲ್ಲಿ ಐದು. ಒಂದು ಗಂಟೆ ಮೊದಲೇ ಕುರ್ಚಿ ಬಿಟ್ಟು ಓಡಿದ್ದಾಳೆ," ಅಂದ ಜೋಡಿವಾಚು.

ಲೆಕ್ಕದಕ್ಕ ಎದ್ದು ನಿಂತಳು. "ಸಾರ್, ನಿನ್ನೆ ಪಾಳಿ ಒಂಬತ್ತು ಗಂಟೇದು. ಅವಳು ಎಂಟು ಗಂಟೆ ಕೂತು, ನಿಮ್ಮನ್ನ ಕೇಳೇ ಹೋಗಿದ್ದು. ಹೋದ ಬೇಸಿಗೇಲಿ ಅವರು ಗಂಟೆ ಕೂಡಿಸಿದ ದಿನ ನಮ್ಮ ಪಾಳಿ ಏಳೇ ಗಂಟೆ ಆಯ್ತು. ಆಗ ಇಲ್ಲಿನ ಗಡಿಯಾರ ನೋಡಿ ಎಲ್ಲರಿಗೂ ಅರ್ಧ ದಿನ ಹಾಜರಿ ಹೊಡೆದ್ರಿ. ಕಮ್ಮಿ ಆದ್ರೆ ನಮ್ಮ ಗಡಿಯಾರ, ಹೆಚ್ಚಾದ್ರೆ ಅವರ ಗಡಿಯಾರ. ಇದ್ಯಾವ ನ್ಯಾಯ ಸಾರ್?"

ಅವನ ಮುಖ ಕೆಂಪೇರಿತು. "ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಕೇಳದೇ ಇದ್ದಿದ್ದನ್ನ ಹೇಳೋಕೆ ನಿನ್ನನ್ನಿಲ್ಲಿ ಇಟ್ಕೊಂಡಿಲ್ಲ. ತಿಳೀತಾ?"

ಲೆಕ್ಕದಕ್ಕ ಕೂತಳು. ಮನೆಯಲ್ಲಿ ಒಬ್ಬರಾದರೂ ದುಡಿಯಬೇಕಿತ್ತು. ಆ ಮಾತನ್ನು ಮಾತ್ರ ನುಂಗಲಿಲ್ಲ, ದವಡೆಯಲ್ಲಿ ಇಟ್ಟುಕೊಂಡಳು.

ತಂಗಿಯನ್ನು ವಜಾ ಮಾಡಿ ಪತ್ರ ಕೊಟ್ಟರು. ಅವಧಿಗೆ ಒಂದು ಗಂಟೆ ಮುಂಚೆ, ಬೆಳಗಿನ ಐದಕ್ಕೆ ಜಾಗ ಬಿಟ್ಟು ಹೋದದ್ದಕ್ಕೆ, ಅಂತ ಅಲ್ಲಿಯ ಭಾಷೆಯಲ್ಲಿ ಬರೆದು ಕೆಳಗೆ ಸಹಿ. ಅಷ್ಟರಲ್ಲೇ ಮುಗಿಯಲಿಲ್ಲ. ಅವಳು ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ, "ಕಳ್ಳರ ಜೊತೆ ಶಾಮೀಲಾದವಳು ನೀನೇ ಅಲ್ವಾ?" ಅಂದರು. ಪತ್ರದಲ್ಲಿ ಇಲ್ಲದ ಮಾತು ಊರಿಗೆ ಎಲ್ಲಿಂದ ಬಂತೋ ತಿಳಿಯಲಿಲ್ಲ. ತಂಗಿ ಬೀದಿಗೆ ಇಳಿಯುವುದನ್ನೇ ಬಿಟ್ಟಳು. ಅವಳನ್ನು ಕಂಡರೆ ಕೊಳಾಯಿಯ ಹತ್ತಿರ ಕೊಡ ಹಿಡಿದ ಹೆಂಗಸರು ಮುಖ ತಿರುಗಿಸುತ್ತಿದ್ದರು. ಅವಳ ಎದೆಹಾಲು ಬತ್ತಿತು.

"ಅಕ್ಕಾ, ಕೆಲಸ ಹೋದ್ರೆ ಹೋಗ್ಲಿ. ಇವಳು ದೊಡ್ಡವಳಾದ ಮೇಲೆ ಯಾರಾದ್ರೂ ಕಳ್ಳಿ ಮಗಳು ಅಂದ್ರೆ ಏನು ಮಾಡ್ಲಿ?" ಅಂತ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಒಂದು ದಿನ ಕೇಳಿದಳು.

ಅಕ್ಕ ಕೂಸನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದು ಐದು ತಿಂಗಳಾಗಿತ್ತು. ಅವನ ಎರಡೂ ವಾಚು ಬಿಚ್ಚಿಸಿ ನೆಲಕ್ಕೆ ಕುಟ್ಟಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದಳು.

ಮತ್ತೆ ಬೇಸಿಗೆ ಹತ್ತಿರವಾಯಿತು. ಭಾನುವಾರ ಗೋದಾಮುಗಳ ಯಜಮಾನ ಬರುತ್ತಾನೆ ಅಂತ ಸುದ್ದಿ ಬಂತು. ಇಲ್ಲಿಗಲ್ಲ, ಅಲ್ಲಿಯ ನಾಲ್ಕನೇ ಗೋದಾಮಿನ ಗೇಟಿಗೆ. ಚಳಿಗಾಲದ ಪಾಳಿ ಇಲ್ಲಿ ಹತ್ತರಿಂದ ಆರು. ಅದು ಮುಗಿಯುವ ಹೊತ್ತಿಗೆ, ಅವನ ಗಡಿಯಾರದಲ್ಲಿ ಬೆಳಗಿನ ಆರಕ್ಕೆ. ಗೇಟಿನ ಕ್ಯಾಮೆರಾದ ಮುಂದೆ ನಿಂತು ಮ್ಯಾನೇಜರನ ಜೊತೆ ಮಾತಾಡುತ್ತಾನೆ, ಇಲ್ಲಿಯ ಕೋಣೆಯನ್ನು ತನ್ನ ಫೋನಿನಲ್ಲಿ ನೋಡುತ್ತಾನೆ, ಮುಂದಿನ ಮೂರು ವರ್ಷದ ಗುತ್ತಿಗೆ ಇವರಿಗೇ ಕೊಡುವುದೋ ಬೇಡವೋ ತೀರ್ಮಾನಿಸುತ್ತಾನೆ.

ಶನಿವಾರ ಜೋಡಿವಾಚು ಎರಡನೇ ಕುರ್ಚಿಯ ಪಕ್ಕ ಬಂದು ನಿಂತ.

"ಏನಮ್ಮಾ, ನಾಳೆ ಅವರು ಗಡಿಯಾರ ಬದಲಾಯಿಸ್ತಾರಲ್ಲ. ಕೂಡಿಸ್ತಾರೋ ಕಳೀತಾರೋ?"

"ಕೂಡಿಸ್ತಾರೆ ಸಾರ್."

"ಒಂದು ಗಂಟೆ ತಾನೇ?"

"ಒಂದೇ ಗಂಟೆ ಸಾರ್."

"ಹಾಗಾದ್ರೆ ನಾವೂ ಒಂದು ಕೂಡಿಸ್ಬೇಕು. ಆರಕ್ಕೆ ಒಂದು ಸೇರಿದ್ರೆ ಏಳು. ಸಂಜೆ ಏಳಕ್ಕೆ ಯಜಮಾನ್ರು." ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಅವರು ಕೂಡಿಸಿದರೆ ನಾವು ಕಳೆಯಬೇಕು. ಅವರ ಆರು ಇಲ್ಲಿಗೆ ಒಂದು ಗಂಟೆ ಮೊದಲೇ, ಸಂಜೆ ಐದಕ್ಕೇ ಬಂದುಬಿಡುತ್ತದೆ. ಪ್ರತಿ ಸಲವೂ ಅವನು ಈ ತಪ್ಪು ಮಾಡುತ್ತಿದ್ದ, ಪ್ರತಿ ಸಲವೂ ಲೆಕ್ಕದಕ್ಕ ತಿದ್ದುತ್ತಿದ್ದಳು. ಇವತ್ತು ಅವಳ ನಾಲಿಗೆ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ದವಡೆಯಲ್ಲಿದ್ದ ಹಳೆಯ ಮಾತು ಅದನ್ನು ತಡೆಯಿತು. ಏಳು ಸರಿಯೇ ಅಂತ ಅವನು ಕೇಳಿರಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಜೋಡಿವಾಚು ಹೊರಟ. "ಕ್ಷೌರ ಮಾಡಿಸ್ಕೊಂಡು, ಕೋಟು ಇಸ್ತ್ರಿ ಮಾಡಿಸ್ಕೊಂಡು ಆರೂವರೆಗೆ ಬರ್ತೀನಿ. ಅಲ್ಲೀವರೆಗೂ ಒಬ್ರೂ ಏಳ್ಬಾರ್ದು."

ಅವನ ಹೆಜ್ಜೆ ಸದ್ದು ಮೆಟ್ಟಿಲಿಳಿದ ಮೇಲೆ ಲೆಕ್ಕದಕ್ಕ ಎಲ್ಲರಿಗೂ ವಿಷಯ ಹೇಳಿದಳು. ಮೊದಲನೇ ಕುರ್ಚಿಯಲ್ಲಿ ಕೂರುವ, ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮನಿಗೆ ನಗು ತಡೆಯಲಾಗಲಿಲ್ಲ.

"ಅವನಿಗೆ ಫೋನು ಮಾಡಿ ಹೇಳ್ಬೇಕು ಅನ್ನೋ ಧರ್ಮಾತ್ಮರು ಯಾರಾದ್ರೂ ಇದ್ದೀರೇನ್ರೇ?"

ಯಾರೂ ಕೈ ಎತ್ತಲಿಲ್ಲ.

"ಹಾಗಾದ್ರೆ ನಿನ್ ತಂಗೀನ ಕರಿ. ಬರುವಾಗ ಆ ಪತ್ರಾನೂ ತರ್ಲಿ."

ಎರಡು ಗಂಟೆಗೆ ಪರದೆಯ ಮೂಲೆಯಲ್ಲಿದ್ದ ಅಲ್ಲಿಯ ಗಡಿಯಾರ ಒಂದು ಐವತ್ತೊಂಬತ್ತರಿಂದ ನೇರ ಮೂರಕ್ಕೆ ಹಾರಿತು. ಹನ್ನೊಂದು ಹೆಂಗಸರು ಅದನ್ನು ಕಣ್ಣು ಮಿಟುಕಿಸದೆ ನೋಡಿದರು.

ಸರಿಯಾಗಿ ಐದಕ್ಕೆ ಗೋದಾಮಿನ ಮುಂದೆ ಕಾರು ನಿಂತಿತು. ಯಜಮಾನ ಇಳಿದು ಗೇಟಿನ ಮುಂದೆ ಬಂದ. ಕೆಂಪಗೆ, ನಿದ್ದೆಗಣ್ಣು. ಫೋನು ಎತ್ತಿ ಹಿಡಿದು ಕೋಣೆಯನ್ನು ನೋಡಿದ.

"ಮ್ಯಾನೇಜರ್ ಎಲ್ಲಿ?"

ಲೆಕ್ಕದಕ್ಕ ಗುಂಡಿ ಒತ್ತಿದಳು. ಕಳ್ಳರನ್ನು ಗದರಿಸಿ ಕಲಿತ ಭಾಷೆಯಲ್ಲೇ ಮಾತಾಡಿದಳು. "ಅವರ ಗಡಿಯಾರದಲ್ಲಿ ಇನ್ನೂ ಹೊತ್ತಾಗಿಲ್ಲ. ನಾವಿದ್ದೀವಿ. ನಾಲ್ಕನೇ ಕುರ್ಚಿಯವಳೂ ಇದ್ದಾಳೆ."

ತಂಗಿ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ತನ್ನ ಹಳೆಯ ಕುರ್ಚಿಯ ಪಕ್ಕ ನಿಂತಿದ್ದಳು. 

"ಓ, ಆ ಕಳ್ಳತನದ ದಿನದವಳು," ಅಂದ ಯಜಮಾನ. "ಒಂಬತ್ತು ಗಂಟೆಯೂ ಕುರ್ಚಿಯಲ್ಲೇ ಕೂತಿದ್ದು, ಲಾರಿ ಬಂದದ್ದನ್ನು ನೋಡಿಯೂ ಸುಮ್ಮನಿದ್ದಳು ಅಂತ ನಿಮ್ಮ ಮ್ಯಾನೇಜರ್ ಬರೆದಿದ್ದಾರಲ್ಲ. ಅವಳನ್ನು ಯಾಕೆ ಒಳಗೆ ಬಿಟ್ಟಿರಿ?"

 ಊರಿನ ಬಾಯಿಗೆ ಆ ಮಾತು ಎಲ್ಲಿಂದ ಬಂತು ಅಂತ ಈಗ ತಿಳಿಯಿತು. ಕುರ್ಚಿ ಖಾಲಿ ಇತ್ತು ಅಂದರೆ ಗುತ್ತಿಗೆ ಹೋಗುತ್ತದೆ. ಅದಕ್ಕೆ ಅವಳಿಗೆ ಓಡಿಹೋದವಳು ಅಂತ ಪತ್ರ, ಯಜಮಾನನಿಗೆ ಕುರ್ಚಿಯಲ್ಲೇ ಕೂತಿದ್ದ ಕಳ್ಳಿ ಅಂತ ವರದಿ. ಎರಡು ಕೈಗೆ ಎರಡು ವಾಚಿನ ಹಾಗೆ ಎರಡು ಸುಳ್ಳು.

ಲೆಕ್ಕದಕ್ಕ ತಂಗಿಯ ಕೈಯಿಂದ ಪತ್ರ ಕಿತ್ತುಕೊಂಡಳು. ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದಳು. ಇಷ್ಟು ವರ್ಷ ತಲೆಯ ಮೇಲೆ ಕೂತು ಕಾದ ಕ್ಯಾಮೆರಾದ ಮೂತಿಗೆ ಪತ್ರ ಹಿಡಿದಳು.

"ಓದಿ. ಇದೂ ಅವರ ಸಹಿನೇ."

ಯಜಮಾನ ಓದಿದ. ಬೆಳಗಿನ ಐದಕ್ಕೆ ಜಾಗ ಬಿಟ್ಟು ಹೋದದ್ದಕ್ಕೆ. ಇನ್ನೊಂದು ಸಲ ಓದಿದ.

"ಹಾಗಾದರೆ ಒಂಬತ್ತನೆಯ ಗಂಟೆಯಲ್ಲಿ ಅಲ್ಲಿ ಯಾರಿದ್ದರು?"

"ಯಾರೂ ಇರ್ಲಿಲ್ಲ. ಅವಳು ತನ್ನ ಎಂಟು ಗಂಟೆ ಮುಗಿಸಿ, ಕೇಳಿಕೊಂಡು ಹೋಗಿದ್ದಳು. ಆ ಗಂಟೆಗೆ ಆಳು ಹಾಕಲಿಲ್ಲ. ಉಳಿದ ನಾವೆಲ್ಲ ಒಂಬತ್ತು ಕೂತ್ವಿ, ಎಂಟು ಬರೆದರು. ಇವತ್ತು ಏಳು ಕೂತಿದ್ದೀವಿ, ಅರ್ಧ ದಿನ ಅಂತ ಬರೀತಾರೆ."

ಯಜಮಾನನ ಮುಖದಲ್ಲಿ ಕರುಣೆಯೇನೂ ಕಾಣಲಿಲ್ಲ. ಅವನಿಗೆ ನೋವಾಗಿದ್ದು ಹೋದ ಸಾಮಾನಿನ ಬಗ್ಗೆ. ಅವನ ಕರುಣೆಯನ್ನು ನಂಬಿಕೊಂಡು ಯಾರೂ ಮಾತಾಡಿರಲಿಲ್ಲ. "ಅವಳು ಕಳ್ಳಿ ಅಲ್ಲ ಅಂತ ಬರೆದು ಕಳಿಸಿ," ಅಂದಳು ಲೆಕ್ಕದಕ್ಕ. "ಕಳಿಸೋವರೆಗೂ ಈ ಪರದೆಗಳ ಮುಂದೆ ಯಾರೂ ಕೂರಲ್ಲ. ನಿಮ್ಮಲ್ಲಿ ಇವತ್ತು ರಾತ್ರಿ ನಿಮ್ಮ ಗೋದಾಮು ನೀವೇ ಕಾಯ್ಕೊಳ್ಳಿ."

ಉಳಿದ ಹತ್ತು ಕುರ್ಚಿ ಒಟ್ಟಿಗೆ ಹಿಂದಕ್ಕೆ ಸರಿದ ಸದ್ದು ಅಲ್ಲಿಯ ಗೇಟಿನ ಸ್ಪೀಕರಿನಲ್ಲಿ ಕೇಳಿತು. ಕಾವಲಿಲ್ಲದ ರಾತ್ರಿಯ ಬೆಲೆ ಯಜಮಾನನಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತೇ ಕಳಿಸುತ್ತೇನೆ ಅಂದು ಕಾರು ಹತ್ತಿದ.

ಪಾಳಿ ಮುಗಿದಿತ್ತು. ಒಬ್ಬರೂ ಮನೆಗೆ ಹೋಗಲಿಲ್ಲ. ದೊಡ್ಡಮ್ಮ ಕಿಟಕಿಯ ಕಪ್ಪು ಕಾಗದವನ್ನು ಉಗುರಿನಿಂದ ಕೆರೆದು ಕಿತ್ತಳು. ಸಂಜೆಯ ಬಿಸಿಲು ಒಳಗೆ ಬಿತ್ತು. ಕೂಸು ಅದನ್ನು ಹಿಡಿಯಲು ಕೈ ಚಾಚಿತು.

ಆರೂವರೆಗೆ ಜೋಡಿವಾಚು ಬಂದ. ಹೊಸ ಕ್ಷೌರ, ಗರಿಗರಿ ಕೋಟು. ಬೆಳಕು ನೋಡಿ ಬೆಚ್ಚಿದ. ನಾಲ್ಕನೇ ಕುರ್ಚಿಯಲ್ಲಿ ಕೂತವಳನ್ನು ನೋಡಿ ಬಾಗಿಲಲ್ಲೇ ನಿಂತ.

"ಏನಿದು? ಯಜಮಾನ್ರು ಬರೋ ಹೊತ್ತಾಯ್ತು! ಅಲ್ಲಿ ಈಗ ಎಷ್ಟು ಗಂಟೆ?"

"ಏಳೂವರೆ ಸಾರ್," ಅಂದಳು ಲೆಕ್ಕದಕ್ಕ.

ಅವನು ಬಲಗೈ ನೋಡಿದ, ಎಡಗೈ ನೋಡಿದ. "ಏಳೂವರೆ? ಮತ್ತೆ ಯಜಮಾನ್ರು?"

"ಬಂದು ಹೋದ್ರು."

"ಯಾವಾಗ?"

"ಅವರ ಆರಕ್ಕೆ."

"ಯಾರ ಹತ್ರ ಮಾತಾಡಿದ್ರು?"

"ನಮ್ಮ ಹತ್ರ. ಎರಡೂ ಕಾಗದದ ವಿಷಯ ಮಾತಾಡಿದ್ರು."

ಎರಡು ಅಂದದ್ದು ಅವನಿಗೆ ಅರ್ಥವಾಯಿತು. ಇಸ್ತ್ರಿ ಮಾಡಿದ ಕೋಟಿನೊಳಗೆ ಬೆವರು ಕಿತ್ತುಕೊಂಡಿತು. ಕೋಟಿನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದ. ಯಜಮಾನನದು. ಎತ್ತುವ ಧೈರ್ಯ ಬರಲಿಲ್ಲ.

"ನಿನ್ನೆ ನಿನ್ನ ಮುಂದೇನೇ ಏಳು ಅಂದೆನಲ್ಲೇ! ತಪ್ಪು ಅಂತ ಯಾಕೆ ಹೇಳ್ಲಿಲ್ಲ?"

ಲೆಕ್ಕದಕ್ಕ ತಂಗಿಯನ್ನು ನೋಡಿದಳು. ತಂಗಿ ಐದು ತಿಂಗಳಲ್ಲಿ ಮೊದಲ ಸಲ ತಲೆ ಎತ್ತಿ ಕೂತಿದ್ದಳು. ಅಕ್ಕನ ಹೊಟ್ಟೆ ತಣ್ಣಗಾಯಿತು.

"ನೀವು ಕೇಳ್ಲಿಲ್ಲ ಸಾರ್," ಅಂದಳು.